ರಿಮ್ಮಿಗೆ ತುಕ್ಕು, ಟೈರಿನೊಳಗೆ ನೀರು: ಹಳೆ ಟ್ರ್ಯಾಕ್ಟರಿನಲ್ಲಿ ದೋಷ ಹುಡುಕುವುದು ಹೇಗೆ

ಹಿಂದಿನ ಚಕ್ರದ ರಿಮ್ಮಿನಲ್ಲಿ ತುಕ್ಕು ಕಂಡರೆ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಒಂದೋ ಮೇಲಿಂದ ಪೇಂಟ್ ಬಳಿಯುತ್ತಾರೆ, ಇಲ್ಲವೇ ಹೊಸ ರಿಮ್ ತರುತ್ತಾರೆ. ರಿಮ್ಮನ್ನು ತಿಂದ ನೀರು ಎಲ್ಲಿಂದ ಬಂತು ಎಂದು ಯಾರೂ ನೋಡುವುದಿಲ್ಲ. ಟೈರಿನ ಒಳಗಿಂದ ಬಂತೋ, ಗದ್ದೆಯಿಂದ ಬಂತೋ? ಅದು ಗೊತ್ತಾಗದೆ ಹೊಸ ರಿಮ್ ಹಾಕಿದರೆ ಕೆಲವು ವರ್ಷದಲ್ಲಿ ಅದೂ ಅದೇ ಜಾಗದಲ್ಲಿ ತೂತಾಗುತ್ತದೆ.

ಉಡುಪಿ ಕಡೆ ಈ ಪ್ರಶ್ನೆ ಸ್ವಲ್ಪ ಕಷ್ಟದ್ದೇ. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಕಡಲ ಗಾಳಿಯಲ್ಲಿ ಉಪ್ಪು. ಹೊಳೆ ಬದಿಯ ಗದ್ದೆಗಳಿಗೆ ಕಡಲ ಭರತ (ಉಬ್ಬರ) ಬಂದಾಗ ಉಪ್ಪು ನೀರು ನುಗ್ಗುತ್ತದೆ. ಇದರ ಮೇಲೆ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಗೆ ಉಳುವಾಗ ಕೇಜ್ ವೀಲ್ (ಹಿಂದಿನ ಚಕ್ರದ ಬದಿಗೆ ಕಟ್ಟುವ ಕಬ್ಬಿಣದ ಪಟ್ಟಿಗಳ ಚಕ್ರ) ಹಾಕಿ ವಾರಗಟ್ಟಲೆ ಕೆಸರಿನಲ್ಲೇ ಓಡಿಸುತ್ತೇವೆ. ಹಾಗಾಗಿ "ತುಕ್ಕು ಹಿಡಿಯದೆ ಇನ್ನೇನು" ಎಂದು ಸುಮ್ಮನಾಗುವವರೇ ಜಾಸ್ತಿ. ಆದರೆ ಹೊರಗಿನ ತುಕ್ಕು ನಿಧಾನ, ಕಣ್ಣಿಗೆ ಕಾಣುತ್ತದೆ. ರಿಮ್ಮನ್ನು ನಿಜವಾಗಿ ಕೊಲ್ಲುವುದು ಟ್ಯೂಬಿಗೂ ರಿಮ್ಮಿಗೂ ನಡುವೆ ಸೇರಿಕೊಂಡ ನೀರು.

ಒಳಗೆ ನೀರುಂಟಾ?

ಹಳೆ ಗಾಡಿ ಕೊಂಡ ಎಷ್ಟೋ ಜನರಿಗೆ ಟೈರಿನಲ್ಲಿ ನೀರಿರುವುದೇ ಗೊತ್ತಿರುವುದಿಲ್ಲ. ಹಿಡಿತ ಸಿಗಲಿ, ಚಕ್ರ ಸುಮ್ನೆ ತಿರುಗದಿರಲಿ ಎಂದು ಹಿಂದಿನ ಮಾಲೀಕರು ತುಂಬಿಸಿರುತ್ತಾರೆ. ಪಂಕ್ಚರ್ ಅಂಗಡಿಯವರು ಚಕ್ರಕ್ಕೆ ಕೈ ಹಾಕುವ ಮೊದಲು "ಒಳಗೆ ನೀರುಂಟಾ ಅಣ್ಣ?" ಎಂದು ಕೇಳುವುದು ಸುಮ್ಮನೆ ಅಲ್ಲ. 13.6-28 ಅಳತೆಯ (ಅಗಲ 13.6 ಇಂಚು, ರಿಮ್ಮಿನ ವ್ಯಾಸ 28 ಇಂಚು) ಟೈರಿಗೆ ಮುಕ್ಕಾಲು ಭಾಗ ತುಂಬಿದರೆ ಸುಮಾರು 185 ಲೀಟರ್ ನೀರು ಹಿಡಿಯುತ್ತದೆ. 12.4-28 ಆದರೆ 155 ಲೀಟರ್ ಆಸುಪಾಸು. ಟೈರು, ರಿಮ್ಮು, ಚಕ್ರದ ನಡುವಿನ ಡಿಸ್ಕು ಎಲ್ಲ ಸೇರಿದರೆ ದೊಡ್ಡ ಚಕ್ರ 300 ಕೆಜಿ ಹತ್ತಿರ ಬರುತ್ತದೆ. ವಾಲಲು ಶುರುವಾದರೆ ಇಬ್ಬರು ಹಿಡಿದರೂ ನಿಲ್ಲುವುದಿಲ್ಲ.

ಪತ್ತೆ ಮಾಡುವುದು ಸುಲಭ. ವಾಲ್ವ್ ಕೆಳಗೆ ಬರುವಂತೆ ಗಾಡಿ ನಿಲ್ಲಿಸಿ. ಮುಖ ಪಕ್ಕಕ್ಕೆ ಹಿಡಿದು ವಾಲ್ವಿನ ಪಿನ್ ಒತ್ತಿ. ನೀರು ಚಿಮ್ಮಿದರೆ ಉಂಟು, ಬರೀ ಗಾಳಿ ಬಂದರೆ ಇಲ್ಲ. ಎಷ್ಟು ಉಂಟು ಎಂದು ತಿಳಿಯಬೇಕಾದರೆ ಟೈರಿನ ಬದಿಯನ್ನು ಮರದ ಸುತ್ತಿಗೆಯಿಂದ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಹೋಗಿ. ನೀರು ಇರುವಲ್ಲಿ ಶಬ್ದ ಮಂದ, ಗಾಳಿ ಇರುವಲ್ಲಿ ಟೊಳ್ಳು.

ಬರೀ ನೀರೋ, ಉಪ್ಪು ಬೆರೆಸಿದ್ದೋ?

ಚಳಿ ದೇಶಗಳಲ್ಲಿ ಟೈರಿನ ನೀರು ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುವ ಪದ್ಧತಿ ಇದೆ. ಅದರಿಂದ ತೂಕವೂ ಜಾಸ್ತಿ ಸಿಗುತ್ತದೆ. ನಮ್ಮಲ್ಲಿ ಡಿಸೆಂಬರ್ ರಾತ್ರಿಯಲ್ಲೂ 20 ಡಿಗ್ರಿ ಆಸುಪಾಸು ಇರುವಾಗ ಅದು ಯಾವುದಕ್ಕೂ ಬೇಡ. ಆದರೂ ಬೇರೆ ಕಡೆಯಿಂದ ಬಂದ ಹಳೆ ಗಾಡಿಯಲ್ಲಿ ಅದು ಇರಬಹುದು. ಇನ್ನು ಕೆಲವರು ತೂಕ ಬರಲಿ ಎಂದು ಕಡಲ ನೀರನ್ನೇ ತುಂಬಿಸುತ್ತಾರೆ. ಇದು ಶುದ್ಧ ನಷ್ಟದ ಕೆಲಸ. ಕಡಲ ನೀರು ಬಾವಿ ನೀರಿಗಿಂತ ನೂರಕ್ಕೆ ಎರಡೂವರೆ ಭಾಗ ಮಾತ್ರ ಭಾರ. 185 ಲೀಟರಿಗೆ ಲೆಕ್ಕ ಹಾಕಿದರೆ 5 ಕೆಜಿ ಕೂಡ ಜಾಸ್ತಿ ಸಿಗುವುದಿಲ್ಲ. ಆದರೆ ಆ ಟೈರಿನೊಳಗೆ ಆರು ಕೆಜಿಗಿಂತ ಹೆಚ್ಚು ಉಪ್ಪು ಹೋಗಿ ಕೂತಿರುತ್ತದೆ.

ಟ್ಯೂಬ್ ಗಟ್ಟಿ ಇರುವ ತನಕ ಒಳಗೆ ಏನಿದ್ದರೂ ರಿಮ್ಮಿಗೆ ತಾಗುವುದಿಲ್ಲ. ಸಣ್ಣ ಸೋರಿಕೆ ಶುರುವಾದ ದಿನದಿಂದ ವ್ಯತ್ಯಾಸ ಗೊತ್ತಾಗುತ್ತದೆ. ಬಾವಿ ನೀರು ಸೋರಿದರೆ ತುಕ್ಕು ಬರುತ್ತದೆ. ಉಪ್ಪಿನ ನೀರು ಸೋರಿದರೆ ಅದೇ ತುಕ್ಕು ಹಲವು ಪಟ್ಟು ಬೇಗ ಬರುತ್ತದೆ, ಮತ್ತು ನಿಲ್ಲುವುದಿಲ್ಲ.

ಕಂಡುಹಿಡಿಯಲು ವಾಲ್ವಿನಿಂದ ಒಂದೆರಡು ಹನಿ ಹಳೆ ಗಾಜಿನ ತುಂಡಿನ ಮೇಲೆ ಬೀಳಿಸಿ ಬಿಸಿಲಿಗಿಡಿ. ಕಲೆ ಬಿಟ್ಟರೂ ಪೂರ್ತಿ ಒಣಗಿತು ಅಂದರೆ ಸಾದಾ ನೀರು. ಬಿಳಿ ಹರಳು ಉಳಿದರೆ ಅಡುಗೆ ಉಪ್ಪು ಅಥವಾ ಕಡಲ ನೀರು. ಒಣಗಲೇ ಇಲ್ಲ, ಸಂಜೆಗೂ ಎಣ್ಣೆಯ ಹಾಗೆ ಅಂಟಂಟಾಗಿ ಉಳಿಯಿತು ಅಂದರೆ ಕ್ಯಾಲ್ಸಿಯಂ ಕ್ಲೋರೈಡ್. ಅದು ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ಸೋರಿದ ಜಾಗದಲ್ಲಿ ಬಿಳಿ ಪುಡಿ ಕಟ್ಟುತ್ತದೆ ಎಂದು ಕೆಲವು ಕಡೆ ಹೇಳುವುದುಂಟು. ಅದು ಒಣ ಹವೆಯ ಊರಿನ ಲಕ್ಷಣ. ಕರಾವಳಿಯ ಗಾಳಿಯಲ್ಲಿ ಪುಡಿ ಕಟ್ಟುವುದಿಲ್ಲ, ಒದ್ದೆಯಾಗಿಯೇ ಇರುತ್ತದೆ. ಹಾಗಾಗಿ ಜನವರಿಯ ಒಣ ಮಧ್ಯಾಹ್ನದಲ್ಲೂ ರಿಮ್ಮಿನ ಒಂದು ಭಾಗ ಒದ್ದೆ ಇದ್ದರೆ ಅನುಮಾನ ಪಡಲೇಬೇಕು. ಈ ಹನಿ ಪರೀಕ್ಷೆಯನ್ನು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮಾಡಬೇಡಿ. ಆಗ ಅಡುಗೆಮನೆಯ ಡಬ್ಬಿಯ ಉಪ್ಪೇ ನೀರಾಗಿರುತ್ತದೆ. ಆಗ ಬೇಕಾದರೆ ತೂಕ ಮಾಡಿ. ಒಂದು ಲೀಟರ್ ಬಾಟಲಿ ತುಂಬಿಸಿ, ಬಾಟಲಿಯ ತೂಕ ಕಳೆದು, 1 ಕೆಜಿ ಬಂದರೆ ನೀರು. 1.1ರಿಂದ 1.3 ಕೆಜಿ ಬಂದರೆ ಕ್ಯಾಲ್ಸಿಯಂ. ಕಡಲ ನೀರು ಈ ತೂಕದಲ್ಲಿ ಸಿಕ್ಕಿಬೀಳುವುದಿಲ್ಲ, ವ್ಯತ್ಯಾಸ ಅಷ್ಟು ಕಡಿಮೆ.

ತುಕ್ಕು ಎಲ್ಲಿದೆ ಎಂಬುದೇ ಅರ್ಧ ಉತ್ತರ

ಚಕ್ರ ತೊಳೆದು, ಒಣಗಿಸಿ, ನಿಧಾನ ನೋಡಿ. ತುಕ್ಕು ಬಿದ್ದ ಜಾಗ ಬಹಳ ಹೇಳುತ್ತದೆ.

ವಾಲ್ವ್ ತೂತಿನ ಸುತ್ತ ತುಕ್ಕು ಜಾಸ್ತಿ, ಅಲ್ಲಿಂದ ಕೆಂಪು ಗೆರೆಗಳು ಹೊರಟಿವೆ, ಉಳಿದ ಕಡೆ ಪೇಂಟ್ ಪರವಾಗಿಲ್ಲ. ಹೀಗಿದ್ದರೆ ನೀರು ಒಳಗಿಂದ ಬರುತ್ತಿದೆ. ಟ್ಯೂಬಿನಲ್ಲಿ ಎಲ್ಲೇ ಸಣ್ಣ ತೂತಾದರೂ ಆ ನೀರು ರಿಮ್ಮಿನ ಗುಳಿಯಲ್ಲಿ ಸುತ್ತಿ ಕೊನೆಗೆ ಹೊರಬರಲು ಹುಡುಕುವ ದಾರಿ ವಾಲ್ವ್ ತೂತೇ. ಅಲ್ಲಿ ಗಾಳಿಯೂ ಸಿಗುತ್ತದೆ, ನೀರೂ ಸಿಗುತ್ತದೆ. ತುಕ್ಕಿಗೆ ಬೇಕಾದ್ದು ಅವೆರಡೇ. ಆದ್ದರಿಂದ ವಾಲ್ವ್ ಬಳಿ ಒದ್ದೆ ಇದೆ ಎಂದ ಮಾತ್ರಕ್ಕೆ ದೋಷ ವಾಲ್ವಿನಲ್ಲೇ ಇದೆ ಎಂದು ತೀರ್ಮಾನಿಸಬೇಡಿ. ಹೊಸ ವಾಲ್ವ್ ಪಿನ್ ಹಾಕಿ ಸೋರಿಕೆ ನಿಲ್ಲಲಿಲ್ಲ ಎಂದು ಬೈಯುವವರು ತಪ್ಪುವುದು ಇಲ್ಲೇ.

ರಿಮ್ಮಿನ ಅಂಚಿನ ಉದ್ದಕ್ಕೂ, ಟೈರು ಕೂರುವ ಗೆರೆಯಲ್ಲಿ ಸುತ್ತಲೂ ಸಮನಾಗಿ ತುಕ್ಕು ಇದ್ದರೆ ಅದು ಹೊರಗಿನದು. ಕೆಸರು ಟೈರಿನ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಂಡು ಒಣಗದೆ ಉಳಿದಿರುತ್ತದೆ. ಹೊರಮೈಯಲ್ಲಿ ಜಾಸ್ತಿ ಇದ್ದರೆ ಕೇಜ್ ವೀಲ್ ಕಟ್ಟಿದ ಜಾಗ ನೋಡಿ. ಜುಲೈಯಲ್ಲಿ ನಾಟಿ ಮುಗಿದರೂ ಕೇಜ್ ವೀಲ್ ಬಿಚ್ಚದೆ ದಸರಾ ತನಕ ಹಾಗೇ ನಿಲ್ಲಿಸಿದ ಗಾಡಿಗಳನ್ನು ಊರೂರಲ್ಲಿ ನೋಡಬಹುದು. ಒಳಮೈಯಲ್ಲಿ, ಅಂದರೆ ಗಾಡಿಯ ಬದಿಗೆ ಜಾಸ್ತಿ ಇದ್ದರೆ ಗೊಬ್ಬರ ಸಾಗಿಸುವ ಗಾಡಿ ಇರಬೇಕು. ಹಟ್ಟಿ ಗೊಬ್ಬರ, ಪೊಟ್ಯಾಷ್ ಚೀಲದಿಂದ ಸುರಿದ ಪುಡಿ, ಎರಡೂ ಕಬ್ಬಿಣಕ್ಕೆ ವೈರಿ.

ರಿಮ್ಮಿಗೆ ಡಿಸ್ಕನ್ನು ಕಟ್ಟುವ ಕಿವಿಗಳ ಬುಡದಲ್ಲಿ ಮಾತ್ರ ಕೆಂಪು ಪುಡಿ ಉದುರುತ್ತಿದ್ದರೆ ಅದನ್ನು ಬರೀ ತುಕ್ಕು ಎಂದುಕೊಳ್ಳಬೇಡಿ. ಬೋಲ್ಟ್ ಸಡಿಲವಾಗಿ ಎರಡು ಕಬ್ಬಿಣ ಉಜ್ಜಿಕೊಂಡಾಗ ಹಾಗಾಗುತ್ತದೆ. ಅಥವಾ ವೆಲ್ಡಿಂಗ್ ಬಿರುಕು ಬಿಟ್ಟಿರುತ್ತದೆ. ಆ ಗಾಡಿಯಲ್ಲಿ ಮುರಕಲ್ಲು (ಕಟ್ಟಡದ ಕೆಂಪು ಕಲ್ಲು) ಲೋಡ್ ಎಳೆಯುವುದನ್ನು ಅಂದೇ ನಿಲ್ಲಿಸಿ.

ಮುಂದಿನ ಚಕ್ರಗಳಿಗೆ ನಮ್ಮಲ್ಲಿ ನೀರು ತುಂಬುವುದು ಅಪರೂಪ. ಅಲ್ಲಿಯ ತುಕ್ಕು ಬಹುಪಾಲು ಕೆಸರಿನದ್ದೇ.

ಎರಡು ರಾತ್ರಿಯ ಪರೀಕ್ಷೆ

ಸೋರಿಕೆ ವಾಲ್ವಿನದ್ದೋ ಟ್ಯೂಬಿನದ್ದೋ ಎಂದು ಬಿಚ್ಚದೆ ತಿಳಿಯಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಶೆಡ್ಡಿನಲ್ಲಿ, ಒಣ ನೆಲದ ಮೇಲೆ, ಕೆಳಗೆ ಹಳೆ ಕಾಗದ ಹಾಸಿ ಮಾಡಿ.

ಮೊದಲ ರಾತ್ರಿ ವಾಲ್ವ್ ಮೇಲೆ ಬರುವಂತೆ ನಿಲ್ಲಿಸಿ. ಆಗ ವಾಲ್ವಿನ ಬಳಿ ಒಳಗೆ ಇರುವುದು ಗಾಳಿ ಮಾತ್ರ. ಎರಡನೇ ರಾತ್ರಿ ವಾಲ್ವ್ ಕೆಳಗೆ ಬರಲಿ. ಎರಡು ಬೆಳಿಗ್ಗೆಯೂ ಗಾಳಿಯ ಒತ್ತಡ ಮತ್ತು ಕಾಗದ ನೋಡಿ.

ವಾಲ್ವ್ ಕೆಳಗಿದ್ದಾಗ ಕ್ಯಾಪಿನ ತುದಿಯಿಂದಲೇ ಹನಿ ಬಿದ್ದು, ಮೇಲಿದ್ದಾಗ ನೀರೇ ಕಾಣದೆ ಒತ್ತಡ ಸ್ವಲ್ಪ ಇಳಿದರೆ ದೋಷ ಪಿನ್ನಿನದು. ಮೇಲಿದ್ದಾಗ ಸೋಪಿನ ನೊರೆ ಹಚ್ಚಿದರೆ ಗುಳ್ಳೆಯೂ ಬರುತ್ತದೆ. ಕ್ಯಾಪ್ ಒಣಗಿದ್ದು, ವಾಲ್ವಿನ ಬುಡದಲ್ಲಿ ರಿಮ್ಮಿನ ತೂತಿನಿಂದ ನೀರು ಬಂದರೆ ಟ್ಯೂಬ್ ಹೋಗಿದೆ. ಎರಡೂ ರಾತ್ರಿ ಕಾಗದ ಒಣಗಿಯೇ ಇದ್ದು ಒತ್ತಡ ಮಾತ್ರ ಇಳಿದಿದ್ದರೆ, ಒಳಗೆ ನೀರು ಅರ್ಧಕ್ಕಿಂತ ಕಡಿಮೆ ಇದ್ದು ತೂತು ಎರಡು ಸಲವೂ ನೀರಿನ ಮಟ್ಟಕ್ಕಿಂತ ಮೇಲೆ ಸಿಕ್ಕಿರಬಹುದು. ಕಾಲು ಸುತ್ತು ತಿರುಗಿಸಿ ಮೂರನೇ ರಾತ್ರಿ ನೋಡಿ. ನೀರು ಬರುವ ತೂತು ಯಾವತ್ತೂ ನೀರಿನ ಕೆಳಗೇ ಇರಬೇಕಲ್ವಾ, ಅದೇ ಈ ಪರೀಕ್ಷೆಯ ಗುಟ್ಟು.

ಒತ್ತಡ ಅಳೆಯುವಾಗ ಒಂದು ವಿಷಯ. ವಾಲ್ವ್ ಕೆಳಗಿದ್ದಾಗ ಅದರ ಮೇಲೆ ನೀರಿನ ಭಾರವೂ ಸೇರುತ್ತದೆ. 28 ಇಂಚಿನ ರಿಮ್ಮಿನಲ್ಲಿ ಮೇಲೆ ಮತ್ತು ಕೆಳಗೆ ಅಳೆದ ಲೆಕ್ಕಕ್ಕೆ ಸುಮಾರು 1 ಪಿಎಸ್‌ಐ ವ್ಯತ್ಯಾಸ ಬರುತ್ತದೆ. ಅದನ್ನು ಸೋರಿಕೆ ಎಂದು ಎಣಿಸಬೇಡಿ. ಉಪ್ಪು ನೀರಿನ ಟೈರಿಗೆ ಹಾಕಿದ ಗೇಜನ್ನು ಸಿಹಿ ನೀರಿನಲ್ಲಿ ತೊಳೆಯದಿದ್ದರೆ ಮುಂದಿನ ಸಲ ಅದು ಸುಳ್ಳು ಹೇಳುತ್ತದೆ.

ವಾಲ್ವ್ ಓರೆಯಾಗಿದೆಯಾ ಎಂದೂ ನೋಡಿ. ತೂತಿನಲ್ಲಿ ನೇರ ನಿಲ್ಲದೆ ಒಂದು ಬದಿಗೆ ಎಳೆದಂತಿದ್ದರೆ ಟೈರು ರಿಮ್ಮಿನ ಮೇಲೆ ಜಾರಿದೆ ಎಂದರ್ಥ. ಕಡಿಮೆ ಗಾಳಿಯಲ್ಲಿ ಭಾರ ಎಳೆದರೆ ಹೀಗಾಗುತ್ತದೆ. ಟೈರಿನೊಂದಿಗೆ ಟ್ಯೂಬೂ ತಿರುಗಿ ವಾಲ್ವಿನ ಬುಡ ಹರಿಯುತ್ತದೆ. ಇಂಥ ಚಕ್ರಕ್ಕೆ ಎಷ್ಟು ಟ್ಯೂಬ್ ಹಾಕಿದರೂ ಅಷ್ಟೇ. ಟೈರಿನಿಂದ ರಿಮ್ಮಿನ ಮೇಲೆ ಹಾಯುವಂತೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಒಂದು ದಿನದ ಕೆಲಸದ ನಂತರ ಗೆರೆ ಮುರಿದಿದ್ದರೆ ಮೊದಲು ಸರಿಪಡಿಸಬೇಕಾದ್ದು ಗಾಳಿಯ ಒತ್ತಡ. ಗದ್ದೆಗೆ ಸಾಮಾನ್ಯವಾಗಿ 12ರಿಂದ 14 ಪಿಎಸ್‌ಐ, ರಸ್ತೆಯಲ್ಲಿ ಟ್ರೈಲರ್ ಎಳೆಯಲು ಅದಕ್ಕಿಂತ ಜಾಸ್ತಿ. ಸರಿಯಾದ ಅಂಕಿ ಗಾಡಿಯ ಪುಸ್ತಕದಲ್ಲಿ ಇರುತ್ತದೆ.

ಬಿಚ್ಚುವಾಗ

ಮೊದಲು ನೀರು ಖಾಲಿ ಮಾಡಿ, ಆಮೇಲೆ ಚಕ್ರ ಬಿಚ್ಚಿ. ಇದನ್ನು ಉಲ್ಟಾ ಮಾಡಿದ ಜಾಗದಲ್ಲೇ ಕಾಲು ಮುರಿಯುವುದು. ಮುಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಡಿ. ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ. ಜ್ಯಾಕಿನ ಕೆಳಗೆ ದಪ್ಪ ಹಲಗೆ ಇಡಿ, ಏರಿಸಿದ ಮೇಲೆ ಆಕ್ಸಲ್ ಕೆಳಗೆ ಮರದ ದಿಮ್ಮಿ ಕೊಡಿ. ಬರೀ ಜ್ಯಾಕಿನ ಮೇಲೆ ನಂಬಿಕೆ ಬೇಡ. ಮಳೆಗಾಲದ ಅಂಗಳದಲ್ಲಂತೂ ಬೇಡವೇ ಬೇಡ.

ವಾಲ್ವ್ ಮೇಲಿರುವಾಗ ಗಾಳಿ ಬಿಟ್ಟು, ನಂತರ ಕೆಳಗೆ ತಂದು ವಾಲ್ವಿನ ಒಳಗಿನ ಭಾಗ ಪೂರ್ತಿ ಬಿಚ್ಚಿ. ನೀರು ಹೋಗುತ್ತದೆ, ಆದರೆ ಪೂರ್ತಿ ಅಲ್ಲ. ವಾಲ್ವಿಗಿಂತ ಕೆಳಗೆ ಟೈರಿನ ಹೊಟ್ಟೆಯಲ್ಲಿ ಇನ್ನೂ ಉಳಿದಿರುತ್ತದೆ. ವಾಲ್ವಿನ ಒಳಗೆ ಸಣ್ಣ ಪೈಪ್ ತೂರಿಸಿ ಹೊರಗಿನಿಂದ ಗಾಳಿ ಹಾಕಿದರೆ ಅದೂ ಬರುತ್ತದೆ. ಬಂದದ್ದು ಸಾದಾ ನೀರಾದರೆ ಎಲ್ಲಿ ಬೇಕಾದರೂ ಬಿಡಿ. ಉಪ್ಪಿನದಾದರೆ ಡ್ರಮ್ಮಿನಲ್ಲಿ ಹಿಡಿಯಿರಿ. ಅಡಿಕೆ ಮರದ ಬುಡಕ್ಕೋ ಬಾವಿಯ ಬದಿಗೋ ಚೆಲ್ಲಿದರೆ ಮರವೂ ಹೋಗುತ್ತದೆ, ಕುಡಿಯುವ ನೀರೂ ಹೋಗುತ್ತದೆ.

ಟೈರಿನ ಅಂಚು ತುಕ್ಕಿನಲ್ಲಿ ಕಚ್ಚಿಕೊಂಡಿರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಸ್ತಿ ಜಾಗ ತಿನ್ನುತ್ತದೆ, ಅದಕ್ಕೇ ಅಷ್ಟು ಬಿಗಿ. ಡೀಸೆಲ್, ಸೀಮೆಎಣ್ಣೆ ಸುರಿಯಬೇಡಿ, ರಬ್ಬರ್ ಹಾಳಾಗುತ್ತದೆ. ಸೋಪು ನೀರು ಧಾರಾಳ ಹಾಕಿ ಒಂದು ರಾತ್ರಿ ಬಿಡಿ. ಹಾರೆಯಿಂದ ಒಂದೇ ಕಡೆ ಹೊಡೆದರೆ ಅಂಚಿನೊಳಗಿನ ತಂತಿ ಮುರಿಯುತ್ತದೆ. ಸುತ್ತಲೂ ಸ್ವಲ್ಪ ಸ್ವಲ್ಪವೇ ಬಿಡಿಸಿ.

ಇನ್ನೊಂದು ಮಾತು, ಮಾರಾಯ್ರೆ, ಇದನ್ನು ಮಾತ್ರ ಮರೆಯಬೇಡಿ. ಟೈರು ರಿಮ್ಮಿನ ಮೇಲಿರುವಾಗ ವೆಲ್ಡಿಂಗ್ ಬೇಡ, ಗ್ಯಾಸ್ ಕಟ್ಟರ್ ಬೇಡ. ಗಾಳಿ ಬಿಟ್ಟಿದೆ, ಪಿನ್ ತೆಗೆದಿದೆ, ಒಳಗೆ ನೀರಿದೆ ಎಂಬ ಯಾವ ಸಮಾಧಾನವೂ ನಡೆಯುವುದಿಲ್ಲ. ಬಿಸಿಯಾದ ರಬ್ಬರಿನಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ, ಮುಚ್ಚಿದ ಜಾಗದಲ್ಲಿ ಅದು ಸ್ಫೋಟಿಸುತ್ತದೆ. ಜೀವ ಹೋದ ಉದಾಹರಣೆಗಳಿವೆ. ತುಕ್ಕು ಹಿಡಿದ ಬೋಲ್ಟ್ ಬಿಚ್ಚಲಾಗದಿದ್ದರೆ ಮೊದಲು ಟೈರು ತೆಗೆಯಿರಿ, ಆಮೇಲೆ ಕತ್ತರಿಸಿ.

ರಿಮ್ ಉಳಿಯುತ್ತದಾ?

ತಂತಿ ಬ್ರಷ್ಷಿನಿಂದ ಪದರ ಎಲ್ಲ ತೆಗೆದ ಮೇಲೆಯೇ ತೀರ್ಪು. ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಕೊಳೆತದ್ದು ಬೊದ್ ಎನ್ನುತ್ತದೆ. ಅನುಮಾನ ಇದ್ದಲ್ಲಿ ಚೂಪು ತುದಿಯ ಸೆಂಟರ್ ಪಂಚ್ ಇಟ್ಟು ಹೊಡೆಯಿರಿ. ಚುಕ್ಕಿ ಬಿದ್ದರೆ ಸರಿ, ಒಳಗೆ ಇಳಿದರೆ ಆ ಜಾಗ ಮುಗಿದಿದೆ. ಚೆನ್ನಾಗಿರುವ ಕಡೆಯ ದಪ್ಪಕ್ಕೂ ತಿಂದ ಕಡೆಯ ದಪ್ಪಕ್ಕೂ ಅಳತೆ ಹಾಕಿ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗಿದ್ದರೆ ನನ್ನ ಪ್ರಕಾರ ಅಂಥ ರಿಮ್ಮಿಗೆ ಹಣ ಹಾಕುವುದು ದಂಡ.

ವಾಲ್ವ್ ತೂತಿನ ಸುತ್ತ ಅಂಗೈ ಅಗಲ ಮಾತ್ರ ಹೋಗಿದ್ದರೆ ಉಳಿಸಬಹುದು. ಕೊಳೆತದ್ದನ್ನು ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿ, ಅಷ್ಟೇ ದಪ್ಪದ ತಗಡನ್ನು ಅದೇ ಬಾಗಿಗೆ ಬಗ್ಗಿಸಿ ವೆಲ್ಡ್ ಮಾಡಿ, ಒಳಮೈಯನ್ನು ಗ್ರೈಂಡರಿನಲ್ಲಿ ನುಣುಪು ಮಾಡಬೇಕು. ಬೆರಳಾಡಿಸಿದರೆ ತಡೆಯಬಾರದು. ತಡೆದರೆ ಟ್ಯೂಬಿಗೂ ಅದೇ ತಡೆಯುತ್ತದೆ. ಕಿವಿಯ ವೆಲ್ಡಿಂಗ್ ಬಿರುಕನ್ನೂ ಒಳ್ಳೆ ವೆಲ್ಡರ್ ಸರಿ ಮಾಡುತ್ತಾರೆ. ಆದರೆ ಟೈರು ಕೂರುವ ಅಂಚು ಸೀಳಿದ್ದರೆ ಅಥವಾ ಅಲೆಅಲೆಯಾಗಿ ತಿಂದುಹೋಗಿದ್ದರೆ ವೆಲ್ಡಿಂಗ್ ಮಾಡಿಸಬೇಡಿ. ಗಾಳಿ ಹಾಕುವಾಗ ಹಾರುವುದು ಆ ಅಂಚೇ. ಬೇರೆ ರಿಮ್ ಹುಡುಕುವಾಗ ಹಳೆಯದರ ಮೇಲೆ ಒತ್ತಿದ ಅಂಕಿ ಓದಿ. W12-28 ಎಂದಿದ್ದರೆ ಅಗಲ 12 ಇಂಚು, ವ್ಯಾಸ 28 ಇಂಚು.

ಪೇಂಟಿನ ವಿಷಯ. ರೆಡ್ ಆಕ್ಸೈಡ್ ಒಂದೇ ಬಳಿದು ಮುಗಿಸುವುದು ಇಲ್ಲಿಯ ಹವೆಗೆ ಸಾಲುವುದಿಲ್ಲ. ಮಲ್ಪೆಯಲ್ಲಿ ಕಬ್ಬಿಣದ ಬೋಟುಗಳಿಗೆ ಹೊಡೆಯುತ್ತಾರಲ್ಲ, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್, ಅದನ್ನೇ ತನ್ನಿ. ಉಪ್ಪು ಗಾಳಿಯನ್ನು ಬೋಟಿನವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಳಿಯುವ ಮೊದಲು ರಿಮ್ಮನ್ನು ಸಿಹಿ ನೀರಿನಲ್ಲಿ ತೊಳೆದು ಒಣಗಿಸಿ. ತುಕ್ಕಿನ ಗುಳಿಯಲ್ಲಿ ಉಪ್ಪು ಉಳಿದರೆ ಪೇಂಟಿನ ಕೆಳಗಿನಿಂದಲೇ ಗುಳ್ಳೆ ಏಳುತ್ತದೆ. ಡಿಸೆಂಬರಿನಿಂದ ಏಪ್ರಿಲ್ ಒಳಗೆ ಈ ಕೆಲಸ ಮುಗಿಸಿದರೆ ಒಳ್ಳೆಯದು.

ಮತ್ತೆ ನೀರು ತುಂಬಬೇಕಾ?

ಕೆಸರು ಗದ್ದೆಯಲ್ಲಿ ಉಳುವುದೇ ಮುಖ್ಯ ಕೆಲಸವಾದರೆ ಬೇಡ. ಎರಡು ಚಕ್ರಕ್ಕೆ ಸೇರಿ 370 ಕೆಜಿ ಹೊತ್ತುಕೊಂಡು ಬೈಲು ಗದ್ದೆಗೆ (ತಗ್ಗಿನ, ನೀರು ನಿಲ್ಲುವ ಗದ್ದೆ) ಇಳಿದರೆ ಗಾಡಿ ಹೂಳುತ್ತದೆ, ಕೆಳಗಿನ ಮಣ್ಣೂ ಗಟ್ಟಿಯಾಗುತ್ತದೆ. ಅಲ್ಲಿ ಕೆಲಸ ಮಾಡುವುದು ಕೇಜ್ ವೀಲ್, ತೂಕ ಅಲ್ಲ. ಬೆಟ್ಟು ಗದ್ದೆಯ (ಎತ್ತರದ ಗದ್ದೆ) ಒಣ ಉಳುಮೆ, ಏರು ದಾರಿಯಲ್ಲಿ ಕಲ್ಲು, ಹೊಯಿಗೆ (ಮರಳು) ಎಳೆಯುವುದು, ಇಂಥ ಕೆಲಸಕ್ಕೆ ತೂಕ ಬೇಕು. ಅದಕ್ಕೂ ಡಿಸ್ಕಿಗೆ ಕಟ್ಟುವ ಎರಕದ ತೂಕಗಳು ಸಿಗುತ್ತವೆ. ದುಡ್ಡು ಜಾಸ್ತಿ, ಆದರೆ ಬೇಡ ಅಂದಾಗ ಬಿಚ್ಚಬಹುದು, ಸೋರುವುದಿಲ್ಲ. ತುಕ್ಕಿನಿಂದ ಒಮ್ಮೆ ರಿಮ್ ಕಳೆದುಕೊಂಡ ಗಾಡಿಗೆ ನಾನು ಹೇಳುವುದು ಇದನ್ನೇ.

ತುಂಬುವುದೇ ಆದರೆ ಹೊಸ ಟ್ಯೂಬ್ ಹಾಕಿ. ರಿಮ್ಮಿನ ಗುಳಿಗೆ ಹಳೆ ಟ್ಯೂಬಿನ ಪಟ್ಟಿ ಸುತ್ತಿ, ಟ್ಯೂಬಿಗೆ ಫ್ರೆಂಚ್ ಚಾಕ್ ಪುಡಿ ಹಚ್ಚಿ. ಮೊದಲು ಬರೀ ಗಾಳಿ ಹಾಕಿ ಟೈರನ್ನು ಅಂಚಿಗೆ ಕೂರಿಸಿ. ಕೂರಲಿಲ್ಲ ಎಂದು 35 ಪಿಎಸ್‌ಐ ದಾಟಿಸಬೇಡಿ, ಗಾಳಿ ಬಿಟ್ಟು ಸೋಪು ಹಚ್ಚಿ ಮತ್ತೆ ಹಾಕಿ. ಚಕ್ರದ ಎದುರು ನಿಲ್ಲಬೇಡಿ. ನಂತರ ಗಾಳಿ ಬಿಟ್ಟು, ಚಕ್ರ ಸ್ವಲ್ಪ ಎತ್ತಿ, ವಾಲ್ವ್ ಮೇಲಕ್ಕೆ ತಂದು ಟಾಂಕಿಯ ಪೈಪಿನಿಂದ ನೀರು ಬಿಡಿ. ನಡುನಡುವೆ ಪೈಪ್ ತೆಗೆದು ಒಳಗಿನ ಗಾಳಿ ಹೋಗಲು ಬಿಡಬೇಕು. ವಾಲ್ವಿನಿಂದ ನೀರು ಹೊರಗೆ ಬಂದರೆ ಮುಕ್ಕಾಲು ತುಂಬಿತು ಎಂದು ಲೆಕ್ಕ. ಅಲ್ಲಿಗೆ ನಿಲ್ಲಿಸಿ. ಪೂರ್ತಿ ತುಂಬಿದರೆ ಟೈರಿಗೆ ಕುಗ್ಗಲು ಜಾಗವೇ ಇರುವುದಿಲ್ಲ, ಕಲ್ಲಿಗೆ ಹೊಡೆದರೆ ಒಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಡಲ ಬದಿಯ ಬಾವಿಗಳು ಉಪ್ಪಾಗುತ್ತವೆ. ಆಗ ಕುಡಿಯಲು ಸಿಹಿ ಇರುವ ನೀರನ್ನೇ ತನ್ನಿ.

ಮೊದಲ ದಿನದ ಕೆಲಸ ಮುಗಿದ ಮೇಲೆ ನಟ್‌ಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿ. ಹೊಸ ಪೇಂಟಿನ ಮೇಲೆ ಕೂತ ನಟ್ ಸಡಿಲವಾಗುವುದು ಮಾಮೂಲು. ಟೈರಿಗೆ ಎಳೆದ ಗೆರೆ ಸರಿದಿದೆಯಾ ನೋಡಿ. ಎರಡು ರಾತ್ರಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಕಾಗದ ಒಣಗಿದ್ದರೆ ಗಾಡಿಯನ್ನು ಲೋಡಿಗೆ ಕಳಿಸಿ.